ಮೇವಿನ ಹುಲ್ಲಿಗೆ ಗೊಬ್ಬರ ಬೇಡವೇ? ಹುಲ್ಲು, ಗಂಜಲ, ಯೂರಿಯಾ ಕುರಿತ ನಂಬಿಕೆಗಳ ಲೆಕ್ಕ

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಎಂದರೆ ಹೊರಗಿನವರಿಗೆ ನೆನಪಾಗುವುದು ಹರಳಿನ ವ್ಯಾಪಾರ ಮತ್ತು ಮೊಹರಂ. ಊರು ದಾಟಿ ತೊಂಡೇಭಾವಿ ಕಡೆಗೋ ಗೌರಿಬಿದನೂರಿನ ಕಡೆಗೋ ಹೊರಟರೆ ಕಾಣುವುದು ಬೇರೆಯದೇ ಬದುಕು. ರಾಗಿ, ಮುಸುಕಿನ ಜೋಳ, ಅಲ್ಲಲ್ಲಿ ಹಿಪ್ಪುನೇರಳೆ, ಕೊಳವೆಬಾವಿಯ ಪಕ್ಕದಲ್ಲಿ ಹತ್ತು ಗುಂಟೆಯೋ ಹದಿನೈದು ಗುಂಟೆಯೋ ನೇಪಿಯರ್ ಹುಲ್ಲು. ಅವಿಭಜಿತ ಕೋಲಾರ ಜಿಲ್ಲೆಗೆ ಚಿನ್ನ, ರೇಷ್ಮೆ, ಹಾಲಿನ ನಾಡು ಎಂಬ ಹೆಸರಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದಾಗ ಚಿನ್ನದ ಗಣಿ ಅತ್ತ ಉಳಿಯಿತು, ಹಾಲು ಮತ್ತು ರೇಷ್ಮೆ ಇತ್ತಲೂ ಬಂದವು. ಡೇರಿಗೆ ಹಾಕುವ ಹಾಲಿನ ಹಿಂದೆ ಇರುವುದು ಈ ಹತ್ತು ಗುಂಟೆ ಹುಲ್ಲು.

ಈ ಹುಲ್ಲಿನ ಬಗ್ಗೆ ಕೆಲವು ಮಾತುಗಳು ಎಲ್ಲ ಕಡೆ ಕೇಳಿಬರುತ್ತವೆ. 'ಹುಲ್ಲಿಗೆ ಯಾರಾದರೂ ಗೊಬ್ಬರ ಹಾಕುತ್ತಾರಾ, ತಾನಾಗಿ ಬೆಳೆಯುತ್ತದೆ' ಎನ್ನುವುದು ಒಂದು. 'ಒಂದು ಹಿಡಿ ಯೂರಿಯಾ ಎರಚಿದರೆ ಸಾಕು, ಕಪ್ಪು ಹಸಿರು ಬರುತ್ತದೆ' ಎನ್ನುವುದು ಇನ್ನೊಂದು. 'ದನ ಇರುವ ಮನೆಯಲ್ಲಿ ಗೊಬ್ಬರಕ್ಕೇನು ಕೊರತೆ' ಎನ್ನುವುದು ಮೂರನೆಯದು. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ನೆಟ್ಟ ಮೊದಲ ವರ್ಷ ಆಳೆತ್ತರ ಬಂದ ನೇಪಿಯರ್ ಮೂರನೇ ವರ್ಷ ಸೊಂಟದ ಮಟ್ಟಕ್ಕೆ ನಿಂತುಬಿಡುವುದೂ ಆ ಅರ್ಧ ಸತ್ಯಗಳಿಂದಲೇ. ಆಗ ಹೆಚ್ಚಿನವರು ತಳಿಯನ್ನು ದೂರುತ್ತಾರೆ, ಹೊಸ ಕಡ್ಡಿ ತರಿಸುತ್ತಾರೆ. ಇವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಹುಲ್ಲು ಬೆಳೆದರೆ ಮಣ್ಣು ಫಲವತ್ತಾಗುವುದಿಲ್ಲವೇ?

ಆಗುತ್ತದೆ, ಹುಲ್ಲು ಅಲ್ಲೇ ಉಳಿದರೆ. ಹುಲ್ಲಿನ ಬೇರು ದಟ್ಟ. ಹಳೆಯ ಬೇರು ಸತ್ತು ಹೊಸತು ಹುಟ್ಟುತ್ತಾ ಮಣ್ಣಿಗೆ ಸಾವಯವ ಇಂಗಾಲ ಸೇರುತ್ತಲೇ ಇರುತ್ತದೆ. ದನ ಅಲ್ಲೇ ಮೇದು, ಅಲ್ಲೇ ಸಗಣಿ ಹಾಕಿ, ಅಲ್ಲೇ ಗಂಜಲ ಹೊಯ್ದರೆ ಮಣ್ಣಿನಿಂದ ಎದ್ದದ್ದರಲ್ಲಿ ಬಹುಪಾಲು ಮಣ್ಣಿಗೇ ಮರಳುತ್ತದೆ. ಹಿಂದಿನ ಹುಲ್ಲುಗಾವಲುಗಳು ಯಾರೂ ಗೊಬ್ಬರ ಹಾಕದೆ ಶತಮಾನಗಟ್ಟಲೆ ಉಳಿದದ್ದು ಹೀಗೆ.

ನೇಪಿಯರ್ ಹೊಲದಲ್ಲಿ ನಡೆಯುವುದು ಬೇರೆ. ಅಲ್ಲಿಗೆ ದನ ಹೋಗುವುದಿಲ್ಲ. ನಾವು ಕೊಯ್ದು, ಹೊರೆ ಕಟ್ಟಿ, ಟಿವಿಎಸ್ ಮೇಲೋ ತಲೆಯ ಮೇಲೋ ಹೊತ್ತು ಕೊಟ್ಟಿಗೆಗೆ ತರುತ್ತೇವೆ. ಹುಲ್ಲು ಒಂದು ಕಡೆ, ಸಗಣಿ ಇನ್ನೊಂದು ಕಡೆ. ಒಣಹುಲ್ಲಿಗಾಗಿ ಕೊಯ್ಯುವ ಹೊಲವಾದರೂ, ರಸಮೇವಿಗೆ ಕತ್ತರಿಸುವ ಮುಸುಕಿನ ಜೋಳವಾದರೂ ಇದೇ ಕತೆ. ರಾಗಿಯಲ್ಲಿ ತೆನೆ, ತೊಗರಿಯಲ್ಲಿ ಕಾಳು ಮಾತ್ರ ಮನೆಗೆ ಬರುತ್ತದೆ, ಒಂದಷ್ಟು ಎಲೆಯಾದರೂ ಹೊಲದಲ್ಲಿ ಉದುರುತ್ತದೆ ಎನ್ನಬಹುದು. ಮೇವಿನ ಬೆಳೆಯಲ್ಲಿ ನೆಲದ ಮೇಲಿನದೆಲ್ಲವೂ ಹೋಗುತ್ತದೆ. ಅದೂ ವರ್ಷಕ್ಕೆ ಒಂದು ಸಲವಲ್ಲ, ಆರು ಏಳು ಸಲ.

ಹತ್ತು ಗುಂಟೆಯ ಲೆಕ್ಕ

ಲೆಕ್ಕ ಹಾಕಿ ನೋಡೋಣ. ನೀರು ಚೆನ್ನಾಗಿ ಸಿಗುವ ಹತ್ತು ಗುಂಟೆ ಹೈಬ್ರಿಡ್ ನೇಪಿಯರ್‌ನಲ್ಲಿ ಒಂದು ಕೊಯ್ಲಿಗೆ ಎರಡೂವರೆ ಟನ್ ಹಸಿ ಹುಲ್ಲು ಬರುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಐದನೇ ನಾಲ್ಕು ಭಾಗ ನೀರು. ಉಳಿಯುವ ಒಣ ಅಂಶ ಸುಮಾರು 500 ಕೆಜಿ. ಅದರಲ್ಲಿ ಪ್ರೋಟೀನ್ ಶೇ 9 ಇದ್ದರೆ, ಪ್ರೋಟೀನನ್ನು 6.25ರಿಂದ ಭಾಗಿಸಿದಾಗ ಸಾರಜನಕ ಸಿಗುತ್ತದೆ: ಸುಮಾರು 7 ಕೆಜಿ. ಗೊಬ್ಬರದ ಚೀಲದ ಮೇಲೆ ಬರೆಯುವ ರೀತಿಯಲ್ಲೇ ಹೇಳುವುದಾದರೆ ರಂಜಕ ಸುಮಾರು 3 ಕೆಜಿ, ಪೊಟ್ಯಾಷ್ ಸುಮಾರು 12 ಕೆಜಿ. ಇದು ಒಂದು ಕೊಯ್ಲಿಗೆ. ವರ್ಷಕ್ಕೆ ಆರು ಕೊಯ್ಲು ಎಂದರೆ ಸಾರಜನಕ 43, ರಂಜಕ 17, ಪೊಟ್ಯಾಷ್ 72 ಕೆಜಿ ಆಸುಪಾಸು. ತಳಿ, ಹವೆ, ಕೊಯ್ಯುವ ವಯಸ್ಸು ನೋಡಿಕೊಂಡು ಅಂಕಿ ಹೆಚ್ಚು ಕಡಿಮೆಯಾಗುತ್ತದೆ. ಆದರೆ ಅನುಪಾತ ಬಹಳ ಬದಲಾಗುವುದಿಲ್ಲ.

ಅಂಗಡಿಯ ಭಾಷೆಗೆ ತಿರುಗಿಸಿದರೆ, ಆ ಹತ್ತು ಗುಂಟೆಯಿಂದ ಪ್ರತಿವರ್ಷ 45 ಕೆಜಿಯ ಎರಡು ಚೀಲ ಯೂರಿಯಾದಷ್ಟು ಸಾರಜನಕ ಮತ್ತು 50 ಕೆಜಿಯ ಸುಮಾರು ಎರಡೂವರೆ ಚೀಲ ಎಂಒಪಿಯಷ್ಟು ಪೊಟ್ಯಾಷ್ ಹೊರೆಯಲ್ಲಿ ಕಟ್ಟಿಕೊಂಡು ಹೊರಟುಹೋಗುತ್ತದೆ. ಹುಲ್ಲು ಮಣ್ಣಿನಿಂದ ಎತ್ತುವುದರಲ್ಲಿ ಪೊಟ್ಯಾಷ್ ಪಾಲೇ ದೊಡ್ಡದು ಎನ್ನುವುದನ್ನು ದಯವಿಟ್ಟು ಗಮನಿಸಿ. ನಮ್ಮ ರೈತರು ಹುಲ್ಲಿಗೆ ಏನಾದರೂ ಹಾಕಿದರೆ ಅದು ಯೂರಿಯಾ, ಕೆಲವರು ಡಿಎಪಿ. ಯೂರಿಯಾದಲ್ಲಿರುವುದು ಸಾರಜನಕ ಮಾತ್ರ. ಡಿಎಪಿ ಚೀಲದ ಮೇಲಿನ 18:46:0 ಎಂಬ ಅಂಕಿಯಲ್ಲಿ ಕೊನೆಯ ಸೊನ್ನೆಯೇ ಪೊಟ್ಯಾಷ್‌ನ ಜಾಗ.

ಚಿಕ್ಕಬಳ್ಳಾಪುರದ ಕೆಂಪು ಮಣ್ಣು ಗ್ರಾನೈಟ್ ಜಾತಿಯ ಬಂಡೆಯಿಂದ ಹುಟ್ಟಿದ್ದು. ಆ ಬಂಡೆಯ ಖನಿಜಗಳಲ್ಲಿ ಪೊಟ್ಯಾಷ್ ಇದೆ, ನಿಧಾನವಾಗಿ ಬಿಡುಗಡೆಯಾಗುತ್ತದೆ. ಹಾಗಾಗಿ ಮೊದಲ ವರ್ಷ, ಎರಡನೇ ವರ್ಷ ಏನೂ ತಿಳಿಯುವುದಿಲ್ಲ. ಆಮೇಲೆ ಹಳೆಯ ಎಲೆಗಳ ತುದಿ ಮತ್ತು ಅಂಚು ಹಳದಿಯಾಗಿ, ಸುಟ್ಟಂತೆ ಕಂದಾಗಲು ಶುರುವಾಗುತ್ತದೆ. ನೀರು ಸಾಲದೆ ಹೀಗಾಗಿದೆ ಎಂದುಕೊಂಡು ಇನ್ನಷ್ಟು ಹೊತ್ತು ಮೋಟಾರು ಹಾಕುತ್ತೇವೆ. ಸಾವಿರ ಅಡಿ ಕೊರೆದು ತೆಗೆದ ನೀರು ಪೊಟ್ಯಾಷ್ ಕೊರತೆಯನ್ನು ತುಂಬುವುದಿಲ್ಲ. ಬದಲಿಗೆ ಮರಳು ಮಿಶ್ರಿತ ಮಣ್ಣಿನಲ್ಲಿ ಉಳಿದದ್ದನ್ನೂ ಕೆಳಗೆ ಇಳಿಸುತ್ತದೆ.

ದನ ಇರುವ ಮನೆಯಲ್ಲಿ ಗೊಬ್ಬರಕ್ಕೇನು ಕೊರತೆ?

ಈ ಮಾತಿನಲ್ಲಿ ನಾವು ಊಹಿಸಿದ್ದಕ್ಕಿಂತ ಹೆಚ್ಚು ಸತ್ಯವಿದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲಬೇಕು.

ಎರಡು ಸೀಮೆಹಸು, ದಿನಕ್ಕೆ ಒಟ್ಟು 20 ಲೀಟರ್ ಹಾಲು, ಕರೆಯುವ ದಿನ ವರ್ಷಕ್ಕೆ 300 ಎಂದುಕೊಳ್ಳೋಣ. 6,000 ಲೀಟರ್ ಹಾಲಿನ ಜೊತೆ ಮನೆಯಿಂದ ಹೊರಗೆ ಹೋಗುವ ಸಾರಜನಕ ಸುಮಾರು 30 ಕೆಜಿ, ಪೊಟ್ಯಾಷ್ ಸುಮಾರು 11 ಕೆಜಿ. ಇನ್ನು ಒಳಗೆ ಬರುವುದನ್ನು ನೋಡಿ. ಈ ಹಾಲಿಗಾಗಿ ದಿನಕ್ಕೆ 9 ಕೆಜಿ ಪಶು ಆಹಾರ ಕೊಟ್ಟರೆ 300 ದಿನಕ್ಕೆ 2,700 ಕೆಜಿ. ಚೀಲದ ಮೇಲೆ ಪ್ರೋಟೀನ್ ಶೇ 20 ಎಂದು ಬರೆದಿದ್ದರೆ ಅದರಲ್ಲಿ ಬರುವ ಸಾರಜನಕ ಸುಮಾರು 86 ಕೆಜಿ. ಪೊಟ್ಯಾಷ್ ಕೂಡ 30 ಕೆಜಿ ಆಸುಪಾಸು ಬರುತ್ತದೆ. ಅಂದರೆ ಹಾಲಿನಲ್ಲಿ ಹೋಗುವುದಕ್ಕಿಂತ ಆಹಾರದ ಚೀಲದಲ್ಲಿ ಬರುವುದೇ ಜಾಸ್ತಿ! ಹಿಂಡಿ, ಬೂಸಾ ಕೊಂಡು ತರುವ ಹೈನುಗಾರನ ಮನೆ ಒಟ್ಟಾರೆ ಲೆಕ್ಕದಲ್ಲಿ ಪೋಷಕಾಂಶ ಕಳೆದುಕೊಳ್ಳುತ್ತಿಲ್ಲ, ಗಳಿಸುತ್ತಿದೆ.

ಆದರೂ ಹುಲ್ಲಿನ ಹೊಲ ಬಡವಾಗುತ್ತಿದೆ ಏಕೆ? ಗಳಿಸಿದ್ದು ಹುಲ್ಲಿನ ಹೊಲಕ್ಕೆ ವಾಪಸು ಬರುತ್ತಿಲ್ಲ. ಸಗಣಿ ತಿಪ್ಪೆ ಸೇರುತ್ತದೆ. ತಿಪ್ಪೆಯ ಗೊಬ್ಬರ ವರ್ಷಕ್ಕೊಮ್ಮೆ ರಾಗಿ ಹೊಲಕ್ಕೆ, ಟೊಮೆಟೊ ಮಡಿಗೆ, ಹಿಪ್ಪುನೇರಳೆಗೆ ಹೋಗುತ್ತದೆ, ಇಲ್ಲವೇ ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ದ್ರಾಕ್ಷಿ ತೋಟದವರಿಗೆ ಮಾರಾಟವಾಗುತ್ತದೆ. ನೀರಾವರಿ ಹಿಪ್ಪುನೇರಳೆಗೆ ಹೆಕ್ಟೇರಿಗೆ ವರ್ಷಕ್ಕೆ 20 ಟನ್ ಕೊಟ್ಟಿಗೆ ಗೊಬ್ಬರ ಶಿಫಾರಸು ಇರುವಾಗ, ಶಿಡ್ಲಘಟ್ಟದ ರೇಷ್ಮೆ ಸೀಮೆಯಲ್ಲಿ ಹುಲ್ಲಿಗೆ ಯಾರು ಗೊಬ್ಬರ ಉಳಿಸುತ್ತಾರೆ? ದುಡ್ಡು ತರುವ ಬೆಳೆಗೆ ಮೊದಲ ಪಾಲು ಹೋಗುವುದು ಸಹಜ. ನೇಪಿಯರ್ ಸಂತೆಗೆ ಹೋಗುವುದಿಲ್ಲವಾದ್ದರಿಂದ ಅದನ್ನು ಬೆಳೆ ಎಂದೇ ಯಾರೂ ಎಣಿಸುವುದಿಲ್ಲ.

ಇದಕ್ಕಿಂತ ದೊಡ್ಡ ಸೋರಿಕೆ ಗಂಜಲದ್ದು. ಹಸು ತಿಂದ ರಂಜಕ ಹೆಚ್ಚಾಗಿ ಸಗಣಿಯಲ್ಲಿ ಬರುತ್ತದೆ. ಪೊಟ್ಯಾಷ್ ಹಾಗಲ್ಲ, ಅದರ ಬಹುಪಾಲು ಹೊರಬೀಳುವುದು ಗಂಜಲದಲ್ಲಿ. ಒಂದು ಹಸು ದಿನಕ್ಕೆ ಸುಮಾರು 10 ಲೀಟರ್ ಗಂಜಲ ಹೊಯ್ಯುತ್ತದೆ ಎಂದರೂ ಎರಡು ಹಸುವಿಂದ ವರ್ಷಕ್ಕೆ 7,000 ಲೀಟರ್ ಮೀರುತ್ತದೆ. ಲೀಟರಿಗೆ 10 ಗ್ರಾಂ ಸಾರಜನಕ ಎಂದು ಹಿಡಿದರೆ 70 ಕೆಜಿ. ಹತ್ತು ಗುಂಟೆ ಹುಲ್ಲು ವರ್ಷವಿಡೀ ಎತ್ತಿದ್ದು 43 ಕೆಜಿ ಎಂಬುದನ್ನು ನೆನಪಿಸಿಕೊಳ್ಳಿ. ಪೊಟ್ಯಾಷ್ ಕೂಡ ಅದೇ ಪ್ರಮಾಣದಲ್ಲಿ, ಕೆಲವೊಮ್ಮೆ ಇನ್ನೂ ಹೆಚ್ಚು ಇರುತ್ತದೆ.

ಹಿಂದೆ ಮಣ್ಣಿನ ನೆಲದ ಕೊಟ್ಟಿಗೆಯಲ್ಲಿ ರಾಗಿ ಹುಲ್ಲಿನ ಕೂಳೆ, ಕಸ ಗಂಜಲ ಹೀರಿಕೊಂಡು ತಿಪ್ಪೆಗೆ ಹೋಗುತ್ತಿತ್ತು. ಈಗ ಸಿಮೆಂಟ್ ನೆಲ, ರಬ್ಬರ್ ಮ್ಯಾಟ್, ದಿನಕ್ಕೆರಡು ಸಲ ಪೈಪ್ ಹಿಡಿದು ತೊಳೆಯುವುದು. ಹಸುವಿನ ಕೆಚ್ಚಲಿಗೆ, ಹಾಲಿನ ಗುಣಮಟ್ಟಕ್ಕೆ ಇದು ಒಳ್ಳೆಯದೇ, ಅದನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಆದರೆ ಅಂಗಡಿಯಿಂದ ತರದ ಪೊಟ್ಯಾಷ್ ದಿನವೂ ಮೋರಿಗೆ ಹರಿಯುತ್ತಿದೆ. ತಿಪ್ಪೆಗೆ ಹೋದ ಗೊಬ್ಬರವೂ ಪೂರ್ತಿ ಉಳಿಯುವುದಿಲ್ಲ. ಬಿಸಿಲಿಗೆ ಬಿಟ್ಟ ತಿಪ್ಪೆಯಿಂದ ಸಾರಜನಕ ಅಮೋನಿಯ ಆಗಿ ಹಾರಿಹೋಗುತ್ತದೆ (ಮೂಗಿಗೆ ಹೊಡೆಯುವ ಘಾಟು ಅದೇ), ಮೊದಲ ಮಳೆಗೆ ಪೊಟ್ಯಾಷ್ ಕರಗಿ ಕಂದು ನೀರಾಗಿ ಹರಿಯುತ್ತದೆ.

ಹಾಗಾಗಿಯೇ 'ಒಂದು ಲೋಡ್ ಕೊಟ್ಟಿಗೆ ಗೊಬ್ಬರ ಹಾಕಿದ್ದೇವೆ, ಇನ್ನೇನೂ ಬೇಡ' ಎನ್ನುವುದೂ ಪೂರ್ತಿ ಸರಿಯಲ್ಲ. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವೂ ಪೊಟ್ಯಾಷೂ ತಲಾ ಶೇ 0.5ರಷ್ಟು. ಹತ್ತು ಗುಂಟೆಗೆ ಎರಡೂವರೆ ಟನ್ ಹಾಕಿದರೆ ಪೊಟ್ಯಾಷ್ ಸಿಗುವುದು ಸುಮಾರು 12 ಕೆಜಿ, ಅಂದರೆ ಒಂದೇ ಕೊಯ್ಲಿಗೆ ಸಾಲುವಷ್ಟು. ಸಾರಜನಕದಲ್ಲಂತೂ ಮೊದಲ ವರ್ಷ ಬೆಳೆಗೆ ದಕ್ಕುವುದು ಒಂದು ಭಾಗ ಮಾತ್ರ. ಹಾಗೆಂದು ಕೊಟ್ಟಿಗೆ ಗೊಬ್ಬರ ಬೇಡವೆಂದಲ್ಲ. ಸಾವಯವ ಇಂಗಾಲ ತೀರಾ ಕಡಿಮೆ ಇರುವ ಈ ಕೆಂಪು ಮಣ್ಣಿನಲ್ಲಿ ನೀರು ಹಿಡಿದಿಡುವ ಕೆಲಸವನ್ನು ಚೀಲದ ಯಾವ ಗೊಬ್ಬರವೂ ಮಾಡಲಾರದು.

ಕಪ್ಪು ಹಸಿರು ಬಂದರೆ ಒಳ್ಳೆಯ ಮೇವೇ?

ಯೂರಿಯಾ ಹಾಕಿದ ಹತ್ತೇ ದಿನಕ್ಕೆ ಹುಲ್ಲಿನ ಬಣ್ಣ ತಿರುಗುತ್ತದೆ. ಕಣ್ಣಿಗೆ ಕಾಣುವ ಫಲಿತಾಂಶ, ಸಬ್ಸಿಡಿ ದರ, 45 ಕೆಜಿ ಚೀಲಕ್ಕೆ ಮುನ್ನೂರು ರೂಪಾಯಿಯೂ ಇಲ್ಲ. ಎಂಒಪಿಯ ಬೆಲೆ ಇದರ ಹಲವು ಪಟ್ಟು. ಹಾಗಾಗಿ ಯೂರಿಯಾ ಒಂದನ್ನೇ ಸುರಿಯುವ ಅಭ್ಯಾಸಕ್ಕೆ ರೈತರನ್ನು ಮಾತ್ರ ದೂರುವುದು ನ್ಯಾಯವಲ್ಲ, ಬೆಲೆಯೇ ಅತ್ತ ತಳ್ಳುತ್ತದೆ.

ಮೇವಿನ ವಿಷಯದಲ್ಲಿ ಇದಕ್ಕೆ ಇನ್ನೊಂದು ಅಪಾಯವಿದೆ, ದನದ ಪ್ರಾಣಕ್ಕೇ ಸಂಬಂಧಿಸಿದ್ದು. ಗಿಡ ಸಾರಜನಕವನ್ನು ಹೆಚ್ಚಾಗಿ ನೈಟ್ರೇಟ್ ರೂಪದಲ್ಲಿ ಹೀರಿ, ಎಲೆಯಲ್ಲಿ ಪ್ರೋಟೀನಾಗಿ ಪರಿವರ್ತಿಸುತ್ತದೆ. ಯೂರಿಯಾ ಜಾಸ್ತಿಯಾಗಿ, ಜೊತೆಗೆ ನೀರಿನ ಕೊರತೆಯೋ ಸತತ ಮೋಡವೋ ಬಂದರೆ ಹೀರುವುದು ನಡೆಯುತ್ತದೆ, ಪರಿವರ್ತನೆ ನಿಲ್ಲುತ್ತದೆ. ನೈಟ್ರೇಟ್ ಕಾಂಡದ ಬುಡದಲ್ಲಿ ಶೇಖರವಾಗುತ್ತದೆ. ಬರದಲ್ಲಿ ಬಾಡಿದ ಹುಲ್ಲು ಮಳೆ ಬಿದ್ದೊಡನೆ ಚಿಗುರಿದಾಗ ಈ ಅಪಾಯ ಹೆಚ್ಚು. ಅದನ್ನು ಹಸಿದ ಹಸು ಹೊಟ್ಟೆ ತುಂಬಾ ತಿಂದರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಏದುಸಿರು, ತೂರಾಟ, ಕೆಲವೇ ಗಂಟೆಗಳಲ್ಲಿ ಸಾವು. 'ಕಣ್ಣು ಬಿತ್ತು', 'ಹಾವು ಮುಟ್ಟಿತು' ಎಂದು ಹೇಳುವ ಹಠಾತ್ ಸಾವುಗಳಲ್ಲಿ ಇಂಥವೂ ಇರಬಹುದು. ಎಳೆಯ ಜೋಳದ ವಿಷ ಇದಕ್ಕಿಂತ ಬೇರೆ. ಅದು ಸಯನೈಡ್, ಮೊಣಕಾಲೆತ್ತರದೊಳಗಿನ ಜೋಳದಲ್ಲಿ, ಬಾಡಿ ಮತ್ತೆ ಚಿಗುರಿದ ಕೂಳೆಯಲ್ಲಿ ಹೆಚ್ಚು. ಜೋಳವನ್ನು ಚೆನ್ನಾಗಿ ಒಣಗಿಸಿದರೆ ಸಯನೈಡ್ ಇಳಿಯುತ್ತದೆ. ನೈಟ್ರೇಟ್ ಹಾಗಲ್ಲ, ಒಣಹುಲ್ಲಿನಲ್ಲೂ ಹಾಗೇ ಉಳಿಯುತ್ತದೆ. ಸರಿಯಾಗಿ ಹುದುಗಿದ ರಸಮೇವಿನಲ್ಲಿ ಎರಡೂ ಕಡಿಮೆಯಾಗುತ್ತವೆ. ಎರಡಕ್ಕೂ ಮದ್ದು ಬೇರೆ ಬೇರೆ, ಮದ್ದು ಕೊಡಬೇಕಾದವರು ಪಶುವೈದ್ಯರು. ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಹತ್ತಿರದ ಪಶು ಆಸ್ಪತ್ರೆಗೋ 1962 ಸಹಾಯವಾಣಿಗೋ ಕರೆ ಮಾಡಿ.

ತಪ್ಪಿಸುವ ದಾರಿ ಕಷ್ಟದ್ದಲ್ಲ. ಯೂರಿಯಾವನ್ನು ಒಂದೇ ಸಲ ಸುರಿಯದೆ ಪ್ರತಿ ಕೊಯ್ಲಿನ ನಂತರ ವಾರದೊಳಗೆ ಸ್ವಲ್ಪ ಸ್ವಲ್ಪ ಕೊಟ್ಟರೆ, ಮುಂದಿನ ಕೊಯ್ಲಿಗೆ ಹೇಗೂ ತಿಂಗಳ ಮೇಲೆ ಕಾಲ ಇರುತ್ತದೆ, ಅಷ್ಟರಲ್ಲಿ ನೈಟ್ರೇಟ್ ಪ್ರೋಟೀನಾಗಿರುತ್ತದೆ. ಮಣ್ಣು ಹಸಿ ಇರುವಾಗ ಬುಡದ ಪಕ್ಕ ಹಾಕಿ ತಕ್ಷಣ ನೀರು ಕಟ್ಟಬೇಕು. ಒಣ ನೆಲದ ಮೇಲೆ ಎರಚಿ ಮಳೆಗಾಗಿ ಕಾದರೆ ಒಂದು ಪಾಲು ಅಮೋನಿಯ ಆಗಿ ಗಾಳಿಗೆ ಹೋಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಹಾಕಿದ್ದು ನೀರಿನೊಂದಿಗೆ ಕೆಳಗಿಳಿದು ಕೊಳವೆಬಾವಿ ಸೇರಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬ ಮಿತಿ ಇರುವುದು ಶಿಶುಗಳಿಗೂ ಇದೇ ರೀತಿಯ ರಕ್ತದ ತೊಂದರೆ ಆಗುವುದರಿಂದ.

ಇನ್ನು ನ್ಯಾನೋ ಯೂರಿಯಾ. 2021ರಲ್ಲಿ ಮಾರುಕಟ್ಟೆಗೆ ಬಂದಾಗ ಅರ್ಧ ಲೀಟರಿನ ಒಂದು ಬಾಟಲಿ ಒಂದು ಚೀಲ ಯೂರಿಯಾಕ್ಕೆ ಸಮ ಎಂಬ ಪ್ರಚಾರ ನಡೆಯಿತು. ಶೇ 4ರ ಆ ಬಾಟಲಿಯಲ್ಲಿ ಇದ್ದ ಸಾರಜನಕ 20 ಗ್ರಾಂ. ಒಂದು ಚೀಲ ಯೂರಿಯಾದಲ್ಲಿ ಇರುವುದು ಸುಮಾರು 20 ಕಿಲೋಗ್ರಾಂ. ಹುಲ್ಲಿನ ಹೊರೆಯಲ್ಲಿ ಕೊಯ್ಲಿಗೆ 7 ಕೆಜಿ ಹೊರಗೆ ಹೋಗುವ ಹೊಲಕ್ಕೆ 20 ಗ್ರಾಂ ಹೇಗೆ ಸಾಕಾಗುತ್ತದೆ ಎಂಬ ಪ್ರಶ್ನೆಗೆ ನಮಗೆ ಒಪ್ಪುವಂಥ ಉತ್ತರ ಸಿಕ್ಕಿಲ್ಲ. ಎಲೆಯ ಮೇಲೆ ಸಿಂಪಡಿಸಿದ್ದು ಚೆನ್ನಾಗಿ ಹೀರಲ್ಪಡುತ್ತದೆ ಎಂದು ಒಪ್ಪಿಕೊಂಡರೂ, ಇಲ್ಲದ ಸಾರಜನಕವನ್ನು ಹೀರಲು ಆಗುವುದಿಲ್ಲ.

ಕೊಯ್ಯುತ್ತಲೇ ಇದ್ದರೆ ಏನಾಗುತ್ತದೆ?

ಇದನ್ನು ಒಂದೂವರೆ ಶತಮಾನದಿಂದ ಪರೀಕ್ಷಿಸುತ್ತಿರುವ ಒಂದು ಹುಲ್ಲುಗಾವಲು ಇದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು 1856ರಲ್ಲಿ ಆರಂಭಿಸಿದ ಪಾರ್ಕ್ ಗ್ರಾಸ್ ಪ್ರಯೋಗ ಇಂದಿಗೂ ನಡೆಯುತ್ತಿದೆ. ಒಂದೇ ಹುಲ್ಲುಗಾವಲನ್ನು ತುಂಡುಗಳಾಗಿ ವಿಂಗಡಿಸಿ ಬೇರೆ ಬೇರೆ ಗೊಬ್ಬರ ಕೊಟ್ಟು, ವರ್ಷವರ್ಷವೂ ಒಣಹುಲ್ಲಿಗಾಗಿ ಕೊಯ್ಯುತ್ತಾರೆ. ಏನೂ ಹಾಕದ ತುಂಡುಗಳಲ್ಲಿ ಇಳುವರಿ ತೀರಾ ಕಡಿಮೆ, ಆದರೆ ಸಸ್ಯ ಜಾತಿಗಳು ಅತಿ ಹೆಚ್ಚು. ಅಮೋನಿಯಂ ಸಲ್ಫೇಟ್ ಸುರಿದು ಸುಣ್ಣ ಕೊಡದ ತುಂಡುಗಳಲ್ಲಿ ಮಣ್ಣು ವಿಪರೀತ ಹುಳಿಯಾಗಿ ಬೆರಳೆಣಿಕೆಯ ಹುಲ್ಲು ಮಾತ್ರ ಉಳಿದಿದೆ. ಸಾರಜನಕ ಬಿಟ್ಟು ರಂಜಕ, ಪೊಟ್ಯಾಷ್ ಮುಂತಾದುವನ್ನು ಮಾತ್ರ ಕೊಟ್ಟ ಕಡೆ ದ್ವಿದಳ ಸಸ್ಯಗಳು ಹುಲುಸಾಗಿ ಬಂದು, ಸಾರಜನಕವನ್ನು ತಾವೇ ಗಾಳಿಯಿಂದ ಒದಗಿಸಿಕೊಂಡವು.

ಅಲ್ಲಿನ ತಂಪು ಮಣ್ಣು ಬೇರೆ, ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ನಮ್ಮ ಪೂರ್ವ ಒಣವಲಯ ಬೇರೆ. ಆದರೂ ಕೊನೆಯ ಅಂಶ ನಮಗೂ ಉಪಯೋಗಕ್ಕೆ ಬರುತ್ತದೆ. ನೇಪಿಯರ್ ಸಾಲುಗಳ ನಡುವೆ ಅಲಸಂದೆ, ಬದುವಿನಲ್ಲಿ ಬೇಲಿ ಮೆಂತೆ, ಅಗಸೆ, ಗ್ಲಿರಿಸಿಡಿಯ ಬೆಳೆಸುವ ಸಲಹೆ ಹಳೆಯದು. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ: ದ್ವಿದಳ ಬೆಳೆ ಪಕ್ಕದ ಹುಲ್ಲಿಗೆ ಸಾರಜನಕ ಹಂಚುತ್ತದೆ ಎಂದು. ಜೀವಂತ ಇರುವಾಗ ಅದು ಹಂಚುವುದು ಬಹಳ ಕಡಿಮೆ. ಅದರ ಎಲೆಯನ್ನೂ ಕೊಯ್ದು ಹಸುವಿಗೆ ಹಾಕಿದರೆ ಸಾರಜನಕ ಕೊಟ್ಟಿಗೆಗೇ ಹೋಗುತ್ತದೆ. ಲಾಭ ಇರುವುದು ಬೇರೆ ಕಡೆ: ಪ್ರೋಟೀನ್ ಇರುವ ಮೇವು ಸಿಗುತ್ತದೆ, ಹಿಂಡಿಯ ಖರ್ಚು ಇಳಿಯುತ್ತದೆ, ಉದುರಿದ ಎಲೆ ಮತ್ತು ಸತ್ತ ಬೇರು ನಿಧಾನವಾಗಿ ಮಣ್ಣಿಗೆ ಸೇರುತ್ತವೆ.

ಗೋಮಾಳ ಮತ್ತು ಬೆಂಕಿ

ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಬಿಡಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ಉಳಿದಿರುವುದು ಎಷ್ಟೆಂದು ಊರವರಿಗೇ ಗೊತ್ತು. ಉಳಿದ ಗೋಮಾಳ, ಗುಡ್ಡದ ಹುಲ್ಲಿಗೆ ಬೇಸಿಗೆಯಲ್ಲಿ ಬೆಂಕಿ ಕೊಟ್ಟರೆ ಮಳೆಗೆ ಹೊಸ ಹುಲ್ಲು ಸೊಗಸಾಗಿ ಬರುತ್ತದೆ ಎಂಬ ನಂಬಿಕೆ ನಂದಿಬೆಟ್ಟದ ಸಾಲಿನ ಸುತ್ತಲೂ ಇದೆ. ಚಿಗುರು ಬೇಗ ಕಾಣುವುದು ನಿಜ, ಒಣ ಹುಲ್ಲಿನ ಮರೆ ಹೋಗಿ ಬಿಸಿಲು ಬುಡಕ್ಕೆ ತಾಗುತ್ತದೆ, ಬೂದಿಯಲ್ಲಿ ಪೊಟ್ಯಾಷ್, ಸುಣ್ಣ ಸಿಗುತ್ತದೆ. ಆದರೆ ಹುಲ್ಲಿನಲ್ಲಿದ್ದ ಸಾರಜನಕ ಮತ್ತು ಗಂಧಕದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಇಳಿಜಾರಿನಲ್ಲಿ ಬೂದಿಯೂ ಮೊದಲ ಬಿರುಮಳೆಗೆ ಕೊಚ್ಚಿಕೊಂಡು ಕೆರೆ ಸೇರುತ್ತದೆ. ಚಿಗುರು ಚೆನ್ನಾಗಿದೆ ಎಂದು ಮಂದೆ ಬಿಟ್ಟರೆ ಬೇರಿನಲ್ಲಿ ಉಳಿದ ಶಕ್ತಿಯೂ ಮುಗಿಯುತ್ತದೆ. ಜೊತೆಗೆ ಗೋಮಾಳದ ಸಗಣಿಯನ್ನು ಬೆರಣಿಗೆ ಆಯ್ದುಕೊಂಡು ಹೋಗುವುದರಿಂದ ಅಲ್ಲಿಗೂ ಮರಳುವುದು ಅಷ್ಟಕ್ಕಷ್ಟೆ. ಮಳೆ ಶುರುವಾದ ಮೇಲೆ ಕೆಲವು ವಾರ ಮೇಯಿಸದೆ ಬಿಡುವುದು ಗೋಮಾಳಕ್ಕೆ ಯಾವ ಬೆಂಕಿಗಿಂತಲೂ ಒಳ್ಳೆಯ ಗೊಬ್ಬರ. ಊರಿನಲ್ಲಿ ಒಮ್ಮತ ಇಲ್ಲದೆ ಅದು ಆಗುವುದಿಲ್ಲ ಎನ್ನುವುದೂ ನಿಜ.

ಇದಕ್ಕೆ ವಿರುದ್ಧವಾದ ಒಳ್ಳೆಯ ಪದ್ಧತಿಯೂ ನಮ್ಮಲ್ಲೇ ಇದೆ: ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸುವುದು. ಕುರಿಯವರಿಗೆ ದುಡ್ಡೋ ಕಾಳೋ ಕೊಟ್ಟು ಮಂದೆ ಹಾಕಿಸಿದರೆ ಹಿಕ್ಕೆಯ ಜೊತೆ ಗಂಜಲವೂ ನೇರವಾಗಿ ಮಣ್ಣಿಗೆ ಇಳಿಯುತ್ತದೆ. ಮೋರಿಗೆ ಹೋಗುವ ಪ್ರಶ್ನೆಯೇ ಇಲ್ಲ.

ಹಾಗಾದರೆ ಏನು ಮಾಡಬಹುದು?

ಮೊದಲು ಗಂಜಲ. ಕೊಟ್ಟಿಗೆ ತೊಳೆದ ನೀರು ಮೋರಿಗೆ ಹೋಗುವ ಬದಲು ಒಂದು ಸಣ್ಣ ತೊಟ್ಟಿ ಸೇರಿ, ಅಲ್ಲಿಂದ ಕಾಲುವೆಯಲ್ಲಿ ನೇಪಿಯರ್ ಸಾಲಿಗೆ ಹರಿಯುವಂತಿದ್ದರೆ ಅರ್ಧ ಸಮಸ್ಯೆ ಮುಗಿಯಿತು. ಹುಲ್ಲಿನ ಹೊಲ ಕೊಟ್ಟಿಗೆಗಿಂತ ತಗ್ಗಿನಲ್ಲಿದ್ದರೆ ಮೋಟಾರೂ ಬೇಡ. ತೊಳೆದ ನೀರು ಬೆರೆತು ತೆಳುವಾಗಿರಬೇಕು, ಬರೀ ಗಂಜಲ ಬಿದ್ದರೆ ಬುಡ ಸುಡುತ್ತದೆ. ದಿನಾ ಒಂದೇ ಸಾಲಿಗೆ ಬಿಡದೆ ಬದಲಿಸುತ್ತಿರಬೇಕು, ಇಲ್ಲದಿದ್ದರೆ ಅಲ್ಲಿ ಲವಣ ಕೂಡಿಕೊಳ್ಳುತ್ತದೆ, ಆ ಸಾಲಿನ ಹುಲ್ಲಿನಲ್ಲಿ ನೈಟ್ರೇಟ್ ಕೂಡ ಏರುತ್ತದೆ. ಕೊಳವೆಬಾವಿಯ ಬುಡದಲ್ಲಿ ಇದನ್ನು ನಿಲ್ಲಿಸಬೇಡಿ. ಬಯೋಗ್ಯಾಸ್ ಇದ್ದವರು ಬಗ್ಗಡವನ್ನು ಒಣಗಿಸಿ ಮಾರುವ ಮೊದಲು ಯೋಚಿಸಲಿ, ಒಣಗಿಸುವಾಗ ಅದರ ಅಮೋನಿಯ ಹಾರಿಹೋಗುತ್ತದೆ. ಹಸಿಯಾಗಿ ಹುಲ್ಲಿನ ಸಾಲಿಗೆ ಬಿಟ್ಟರೆ ಲಾಭ.

ತಿಪ್ಪೆಯನ್ನು ನೆರಳಿನಲ್ಲಿ, ಸುತ್ತ ಸಣ್ಣ ಬದು ಹಾಕಿ, ಮೇಲೆ ಮಣ್ಣು ಮುಚ್ಚಿ ಇಡಿ. ವರ್ಷಕ್ಕೊಮ್ಮೆ ಹುಲ್ಲಿಗೂ ಒಂದು ಲೋಡ್ ಪಾಲು ಇರಲಿ. ಯೂರಿಯಾದ ಜೊತೆ ಪೊಟ್ಯಾಷನ್ನೂ ಕೊಯ್ಲಿನ ಲೆಕ್ಕದಲ್ಲಿ ಹಂಚಿ ಕೊಡಿ. ಒಂದೇ ಸಲ ಹಾಕಿದರೆ ಹುಲ್ಲು ಅಗತ್ಯಕ್ಕಿಂತ ಹೆಚ್ಚು ಹೀರಿಕೊಂಡು ಮೊದಲ ಕೊಯ್ಲಿನಲ್ಲೇ ಹೊರಟುಹೋಗುತ್ತದೆ. ಗಂಜಲ ಹರಿಸುವವರಿಗೆ ಪೊಟ್ಯಾಷ್ ಖರೀದಿ ಬಹಳ ಕಡಿಮೆ ಸಾಕು. ಕೆರೆ ಗೋಡು ಸಿಕ್ಕರೆ ಮರಳು ಮಣ್ಣಿಗೆ ಅದು ವರದಾನ. ಆದರೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಜಿಲ್ಲೆಯ ಹಲವು ಕೆರೆಗಳಿಗೆ ತುಂಬಿಸಲಾಗುತ್ತಿದೆ, ಮೂರನೇ ಹಂತವೂ ಬೇಕೆಂಬ ಒತ್ತಾಯ ಇಲ್ಲಿನ ಹೋರಾಟಗಾರರದು. ಅಂಥ ಕೆರೆಯ ಗೋಡು ತರುವುದಿದ್ದರೆ ಮೊದಲು ಲವಣಾಂಶ ಪರೀಕ್ಷಿಸಿ, ಸಾಧ್ಯವಾದರೆ ಭಾರಲೋಹವನ್ನೂ. ಸುಣ್ಣ ಹಾಕಿ ಎಂದು ಯಾರಾದರೂ ಹೇಳಿದರೆ ಮಣ್ಣಿನ ರಸಸಾರ ನೋಡದೆ ಹಾಕಬೇಡಿ. ಕೆಂಪು ಮಣ್ಣೆಲ್ಲ ಹುಳಿ ಮಣ್ಣಲ್ಲ.

ಕೊನೆಯದಾಗಿ ಮಣ್ಣಿನ ಪರೀಕ್ಷೆ. 2015ರ ಫೆಬ್ರವರಿಯಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಅನೇಕರ ಮನೆಯಲ್ಲಿದೆ, 12 ಅಂಶಗಳ ಅಂಕಿ ಅದರಲ್ಲಿ ಇರುತ್ತದೆ. ಆದರೆ ಮೊದಲ ಸುತ್ತುಗಳಲ್ಲಿ ನೀರಾವರಿ ಜಮೀನಿನಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತದಲ್ಲಿ ಹತ್ತು ಹೆಕ್ಟೇರಿಗೆ ಒಂದು ಎಂಬಂತೆ ಮಾದರಿ ತೆಗೆಯಲಾಗಿತ್ತು. ನಿಮ್ಮ ಚೀಟಿಯಲ್ಲಿರುವುದು ಪಕ್ಕದವರ ರಾಗಿ ಹೊಲದ ಅಂಕಿ ಇರಬಹುದು, ನಿಮ್ಮ ಹತ್ತು ಗುಂಟೆ ನೇಪಿಯರ್‌ನದ್ದಲ್ಲ. ಹುಲ್ಲಿನ ಹೊಲಕ್ಕೇ ಪ್ರತ್ಯೇಕ ಮಾದರಿ ತೆಗೆಯಿರಿ. ಕೊಯ್ಲಾದ ಮೇಲೆ, ಗೊಬ್ಬರ ಹಾಕುವ ಮೊದಲು, ಎಂಟು ಹತ್ತು ಕಡೆ ಸಾಲುಗಳ ನಡುವೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಬಟ್ಟೆಚೀಲದಲ್ಲಿ ಕಟ್ಟಿ. ತಿಪ್ಪೆಯ ಪಕ್ಕ, ಬದುವಿನ ಮೇಲೆ, ಮರದ ಬುಡದಲ್ಲಿ ತೆಗೆಯಬೇಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಕೊಡಬಹುದು. ಕೊಡುವಾಗ ಬೆಳೆ ಯಾವುದು ಎಂದು ಕೇಳುತ್ತಾರೆ. 'ಹುಲ್ಲು' ಎಂದಷ್ಟೇ ಹೇಳದೆ ಹೈಬ್ರಿಡ್ ನೇಪಿಯರ್, ನೆಟ್ಟು ಎಷ್ಟು ವರ್ಷ, ವರ್ಷಕ್ಕೆ ಎಷ್ಟು ಕೊಯ್ಲು ಎಂಬುದನ್ನೂ ಬರೆಸಿ.